ತಿಮ್ಮರಾಯಸ್ವಾಮಿಯ ತಕ್ಕಡಿ

ಕುಂದಲಹಳ್ಳಿಯ ಹನುಮಂತರಾಯಪ್ಪನವರ ಮಗಳು ಆಶಾರಾಣಿಯ ತೂಕ ಎಷ್ಟೆಂದು ಅವರ ನೆಂಟರಲ್ಲಿ ಯಾರನ್ನು ಕೇಳಿದರೂ ತಟ್ಟನೆ ಹೇಳುತ್ತಿದ್ದರು. ವಯಸ್ಸಿಗೆ ಬಂದ ಹೆಣ್ಣುಮಗಳ ತೂಕ ಊರಿಗೆಲ್ಲ ಗೊತ್ತಿರುವುದು ಯಾವ ಸೀಮೆ ಮರ್ಯಾದೆ ಎಂದು ನೀವು ಕೇಳಬಹುದು. ಏನು ಮಾಡುವುದು, ಆ ಮನೆಯಲ್ಲಿ ಅದು ಗುಟ್ಟಾಗಿ ಉಳಿಯುವಂತೆಯೇ ಇರಲಿಲ್ಲ. ವರ್ಷಕ್ಕೊಮ್ಮೆ, ಶ್ರಾವಣದ ಕೊನೆಯ ಶನಿವಾರ, ಸರ್ಜಾಪುರದಿಂದ ಆಚೆಗಿರುವ ಮನೆದೇವರು ತಿಮ್ಮರಾಯಸ್ವಾಮಿಯ ಗುಡಿಯಲ್ಲಿ ಅವಳನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರಿಸಿ, ಇನ್ನೊಂದು ತಟ್ಟೆಗೆ ಬೆಲ್ಲ ಪೇರಿಸಿ ತೂಗುತ್ತಿದ್ದರು. ಆಮೇಲೆ ಅದೇ ಬೆಲ್ಲ ಹಾಕಿ ಮಾಡಿದ ಸಿಹಿ ಪೊಂಗಲನ್ನು ದೊನ್ನೆಯಲ್ಲಿ ತಿನ್ನುತ್ತಾ ನೆಂಟರೆಲ್ಲ "ಓದ ವರ್ಷಕ್ಕಿಂತ ಎಷ್ಟು ಜಾಸ್ತಿ ಬಂತು?" ಎಂದು ವಿಚಾರಿಸಿಕೊಳ್ಳುತ್ತಿದ್ದರು. ರಾಗಿ ಫಸಲಿನ ಬಗ್ಗೆ ಕೇಳುವ ದನಿಯೇ ಅದು. ಹೊಲಗಳೆಲ್ಲ ಕಂಪನಿಗಳಾಗಿ ಹೋದ ಮೇಲೆ ಕೇಳುವುದಕ್ಕೆ ಅವರಿಗೂ ಇನ್ನೇನು ಉಳಿದಿತ್ತು, ಪಾಪ.

ಇದರ ಮೂಲವನ್ನು ಇಲ್ಲೇ ಹೇಳಿಬಿಡಬೇಕು. ಆಶಾರಾಣಿಗಿಂತ ಮುಂಚೆ ಅವಳ ತಾಯಿ ನಾಗಲಕ್ಷ್ಮಮ್ಮನವರಿಗೆ ಇನ್ನೊಂದು ಹೆಣ್ಣುಕೂಸು ಹುಟ್ಟಿತ್ತು. ಹೆಸರಿಡುವ ಮೊದಲೇ ಹೋಯಿತು. ಆಸ್ಪತ್ರೆಯಲ್ಲಿ ದಿನಾ ಬೆಳಿಗ್ಗೆ ನರ್ಸಮ್ಮ ಕೂಸನ್ನು ತೂಕದ ಮೇಲೆ ಮಲಗಿಸಿ ಒಂದು ಅಂಕಿ ಕೂಗುತ್ತಿದ್ದಳು. ಆ ಅಂಕಿ ದಿನದಿಂದ ದಿನಕ್ಕೆ ಇಳಿಯುತ್ತಾ ಹೋಯಿತು. "ಕೂಸು ಅಳ್ತಾನೂ ಇರ್ಲಿಲ್ಲ, ನೋಡಕ್ಕೆ ಚೆನ್ನಾಗೇ ಇತ್ತು ಕಣಮ್ಮಿ. ಆ ಅಂಕಿ ಒಂದೇ ನಿಜ ಏಳಿದ್ದು," ಎಂದು ನಾಗಲಕ್ಷ್ಮಮ್ಮ ಮಗಳಿಗೆ ಒಂದೇ ಒಂದು ಸಲ ಹೇಳಿದ್ದರು. ಹೇಳಿದವರು ಎದ್ದು ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದರು.

ಆಮೇಲೆ ಹುಟ್ಟಿದ ಆಶಾರಾಣಿ ತಿಂಗಳು ತುಂಬುವ ಮೊದಲೇ ಬಂದವಳು, ಮೊರದಲ್ಲಿ ಮಲಗಿಸಿದರೆ ಮೂಲೆಯಲ್ಲಿ ಎಲ್ಲಿದ್ದಾಳೆ ಎಂದು ಹುಡುಕಬೇಕು, ಅಷ್ಟು ಪುಟ್ಟ. ನಾಗಲಕ್ಷ್ಮಮ್ಮ ಹರಕೆ ಹೊತ್ತರು: ಈ ಕೂಸನ್ನು ಉಳಿಸಿಕೊಟ್ಟರೆ ಮದುವೆ ಮಾಡಿ ಕಳಿಸುವವರೆಗೂ ವರ್ಷ ವರ್ಷ ಅದರ ತೂಕದಷ್ಟು ಬೆಲ್ಲ ಒಪ್ಪಿಸುತ್ತೇನೆ, ಒಂದು ವರ್ಷಕ್ಕಿಂತ ಇನ್ನೊಂದು ವರ್ಷ ಒಂದು ಅಚ್ಚೂ ಕಡಿಮೆಯಾಗಲು ಬಿಡುವುದಿಲ್ಲ. ಮೊದಲರ್ಧ ಎಲ್ಲ ತಾಯಂದಿರೂ ಹೊರುವ ಹರಕೆ. ಎರಡನೆಯ ಅರ್ಧವನ್ನು ತಿಮ್ಮರಾಯಸ್ವಾಮಿ ಕೇಳಿರಲೇ ಇಲ್ಲ. ಕೇಳದೆ ಕೊಟ್ಟ ಆ ಮಾತೇ ಮಗಳ ಕುತ್ತಿಗೆಗೆ ಬಿದ್ದದ್ದು.

ಬೆಳೆಯುವ ಮಗುವಿಗೆ ತೂಕ ಏರುವುದು ಸಹಜ, ಆಗ ಹರಕೆ ಯಾರಿಗೂ ಭಾರವಾಗಲಿಲ್ಲ. ಎತ್ತರ ನಿಂತ ಮೇಲೆ ಶುರುವಾಯಿತು ನೋಡಿ ಫಜೀತಿ. ಮೇಲಕ್ಕೆ ಬೆಳೆಯಲು ಜಾಗವಿಲ್ಲದ ಮೈ ಸುತ್ತಲೂ ಬೆಳೆಯತೊಡಗಿತು. ಶ್ರಾವಣ ಹತ್ತಿರ ಬಂದಂತೆ ಮುದ್ದೆಯ ಗಾತ್ರ ದೊಡ್ಡದಾಗುತ್ತಿತ್ತು, ಹೋಳಿಗೆಯ ಮೇಲಿನ ತುಪ್ಪ ತಟ್ಟೆ ತುಂಬ ಹರಿಯುತ್ತಿತ್ತು. ಪಿಯುಸಿ ಓದುವಾಗ ಒಂದು ವರ್ಷ ಆಶಾರಾಣಿ "ನಾನು ತಕ್ಕಡೀಲಿ ಕೂರಲ್ಲ, ಏನ್ ಬೇಕಾದ್ರೂ ಆಗ್ಲಿ" ಎಂದು ಹಟ ಹಿಡಿದಳು. ನಾಗಲಕ್ಷ್ಮಮ್ಮ ಬೈಯಲಿಲ್ಲ, ಅಳಲಿಲ್ಲ. ಊಟ ಬಿಟ್ಟರು. ಕೊನೆಗೆ ಅವರನ್ನು ಆಸ್ಪತ್ರೆಯಲ್ಲಿ ಮಲಗಿಸಿ ಡ್ರಿಪ್ ಹಾಕಿಸಬೇಕಾಯಿತು. ಆ ಹಾಸಿಗೆಯ ಪಕ್ಕದಲ್ಲಿ ನಿಂತು ಆಶಾರಾಣಿ "ಕೂರ್ತೀನಿ ಬಿಡಮ್ಮ" ಎಂದಳು. ಅವತ್ತಿನಿಂದ ಅವಳು ಆ ವಿಷಯಕ್ಕೆ ತುಟಿ ಪಿಟಕ್ಕೆನ್ನಲಿಲ್ಲ. ಪ್ರೀತಿಯಿಂದ ಕಟ್ಟಿದ ಹಗ್ಗವನ್ನು ಬಿಚ್ಚಿಕೊಳ್ಳುವುದು ಬಲು ಕಷ್ಟ, ಬಿಚ್ಚಲು ಹೋದರೆ ಕಟ್ಟಿದವರಿಗೇ ಗಾಯವಾಗುತ್ತದೆ.

ಅವಳು ಕೆಲಸ ಮಾಡುತ್ತಿದ್ದ ಕಂಪನಿ ಅವಳ ತಾತ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆಯೇ ನಿಂತಿತ್ತು. ಹೋದ ವರ್ಷದ ತುಲಾಭಾರ ಮುಗಿದು ಸ್ವಲ್ಪ ದಿನಕ್ಕೆ ಆಫೀಸಿನಲ್ಲಿ ಫೈರ್ ಡ್ರಿಲ್ ಆಯಿತು. ಲಿಫ್ಟ್ ನಿಲ್ಲಿಸಿ, ಎಲ್ಲರನ್ನೂ ಮೆಟ್ಟಿಲಿನಲ್ಲಿ ಇಳಿಸಿ, ಮತ್ತೆ ಮೆಟ್ಟಿಲಿನಲ್ಲೇ ಹತ್ತಿಸಿದರು. ಅರ್ಧ ಹತ್ತುವಷ್ಟರಲ್ಲಿ ಆಶಾರಾಣಿಯ ಮಂಡಿ ಸೋತಿತು, ಕಣ್ಣಿಗೆ ಕತ್ತಲೆ ಬಂತು, ಮೆಟ್ಟಿಲ ಮೇಲೇ ಕೂತುಬಿಟ್ಟಳು. ಸೆಕ್ಯೂರಿಟಿಯವನು ಮರ್ಯಾದೆಯಿಂದಲೇ, "ಮೇಡಂ, ಸ್ವಲ್ಪ ಗೋಡೆ ಕಡೆ ಸರ್ಕೊಳಿ, ಹಿಂದೆ ಜನ ನಿಂತವ್ರೆ" ಎಂದ. ಗೋಡೆಗೆ ಒರಗಿ ಕೂತು, ತನ್ನ ಪಕ್ಕದಲ್ಲಿ ಹತ್ತಿ ಹೋಗುವ ಕಾಲುಗಳನ್ನು ನೋಡುತ್ತಾ ಅವಳಿಗೆ ಮೊದಲ ಸಲ ನಿಜವಾದ ಸಿಟ್ಟು ಬಂತು. ಇಷ್ಟು ದೊಡ್ಡ ಮೈಯಲ್ಲಿ ಒಂದು ಅಂಗುಲವಾದರೂ ತನ್ನದು ಅನ್ನುವುದು ಇಲ್ಲವಲ್ಲ! ಅರ್ಧ ಅಮ್ಮನದು, ಅರ್ಧ ತಿಮ್ಮರಾಯಸ್ವಾಮಿಯದು. ತಾನು ಬರೀ ಕಾಯುವವಳು.

ಮರುದಿನವೇ ಜಿಮ್ಮಿಗೆ ಹೋದಳು. ಆ ಜಿಮ್ಮು ಇದ್ದದ್ದು ಅವಳ ಅಪ್ಪನ ಕಟ್ಟಡದ ಮೊದಲನೇ ಮಹಡಿಯಲ್ಲೇ. ಅದನ್ನು ನಡೆಸುತ್ತಿದ್ದ ಭಾನುಪ್ರಕಾಶ್ ಓನರ್ ಮಗಳು ಬಂದದ್ದನ್ನು ಕಂಡು, ಮೇಲಿಂದ ನೀರು ಸೋರುವ ವಿಚಾರಕ್ಕೇ ಬಂದಿದ್ದಾಳೆ ಅಂದುಕೊಂಡು ಬಕೆಟ್ ತೋರಿಸಲು ಹೊರಟ. ಸೇರಲು ಬಂದವಳು ಎಂದು ತಿಳಿದ ಮೇಲೆ ಕುರ್ಚಿ ಒರೆಸಿ ಕೂರಿಸಿದ.

"ಎಷ್ಟು ಕೇಜಿ ಇಳಿಸ್ಬೇಕು ಮೇಡಂ?"

"ಒಂದು ಗ್ರಾಮೂ ಇಳೀಬಾರ್ದು."

ಭಾನುಪ್ರಕಾಶ್ ನಕ್ಕ. ಅವಳು ನಗಲಿಲ್ಲ. ಹರಕೆಯ ಕಥೆಯನ್ನು ಪೂರ್ತಿ ಕೇಳಿ ತಲೆ ಕೆರೆದುಕೊಂಡ.

"ಅಂದ್ರೆ ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು. ಆಗುತ್ತೆ ಮೇಡಂ, ಆಗಲ್ಲ ಅಂತೇನಿಲ್ಲ. ಒಂದು ಕೇಜಿ ಕಡ್ಲೆಪುರಿ ತಗೊಳಿ, ಒಂದು ಚೀಲ ತುಂಬುತ್ತೆ. ಒಂದು ಕೇಜಿ ಬೆಲ್ಲ ತಗೊಳಿ, ಅಂಗೈಲಿ ಕೂರುತ್ತೆ. ತೂಕ ಎರಡೂ ಒಂದೇ. ಮೈಯಲ್ಲಿರೋ ಕೊಬ್ಬು ಪುರಿ ಥರ, ಹರಡ್ಕೊಂಡಿರುತ್ತೆ. ಮಾಂಸಖಂಡ ಬೆಲ್ಲದ ಥರ. ಪುರಿ ತೆಗ್ದು ಬೆಲ್ಲ ತುಂಬ್ತಾ ಹೋಗಣ. ತೂಕದ ಮುಳ್ಳು ಇದ್ದಲ್ಲೇ ಇರುತ್ತೆ, ನೀವು ಮಾತ್ರ ಬೇರೆ ಕಾಣ್ತೀರ. ಆದ್ರೆ ಓನರ್‌ಗೆ ನನ್ ಹೆಸ್ರು ಹೇಳ್ಬೇಡಿ."

ಪುರಿ ಬೆಲ್ಲದ ಲೆಕ್ಕದಲ್ಲಿ ಅವನು ಸ್ವಲ್ಪ ಉಪ್ಪುಕಾರ ಹಚ್ಚಿದ್ದ ಅನ್ನುವುದು ನಿಜ. ಆದರೂ ಮಾತು ಸುಳ್ಳಲ್ಲ. ಆಶಾರಾಣಿ ದಿನಾ ಬೆಳಿಗ್ಗೆ ಆಫೀಸಿಗೆ ಬೇಗ ಹೋಗಬೇಕು ಎಂದು ಹೇಳಿ ಮನೆ ಬಿಟ್ಟು, ಅಪ್ಪನ ಕಟ್ಟಡದ ಹಿಂಬದಿಯ ಮೆಟ್ಟಿಲು ಹತ್ತಿ ಕಬ್ಬಿಣ ಎತ್ತತೊಡಗಿದಳು. ಮೊದಮೊದಲು ಬರೀ ಕಂಬಿ ಎತ್ತಿದರೇ ಕೈ ನಡುಗುತ್ತಿತ್ತು. ಬರಬರುತ್ತಾ ಕಂಬಿಯ ಎರಡೂ ಕಡೆ ಬಿಲ್ಲೆಗಳು ಸೇರಿದವು. ಬೇಯಿಸಿದ ಮೊಟ್ಟೆಯನ್ನು ಆಫೀಸಿನಲ್ಲೂ, ಹುರುಳಿಕಾಳು ಹೆಸರುಕಾಳನ್ನು ಮನೆಯಲ್ಲೂ ತಿಂದಳು. ಮಗಳು ತಾನಾಗಿಯೇ ಇನ್ನೊಂದು ಸೌಟು ಕಾಳು ಬಡಿಸಿಕೊಳ್ಳುವುದನ್ನು ಕಂಡು ನಾಗಲಕ್ಷ್ಮಮ್ಮನವರಿಗೆ ಸ್ವರ್ಗ ಮೂರೇ ಗೇಣು. ಜಿಮ್ಮಿನ ತೂಕದ ಮುಳ್ಳು ಹೋದ ವರ್ಷ ತಿಮ್ಮರಾಯಸ್ವಾಮಿ ಹೇಳಿದ ಎಪ್ಪತ್ತೆಂಟು ಕೇಜಿಯ ಹತ್ತಿರವೇ ತೂಗಾಡುತ್ತಿತ್ತು. ಆದರೆ ಕನ್ನಡಿಯಲ್ಲಿ ಕುತ್ತಿಗೆ ಕಾಣಿಸಿಕೊಂಡಿತು. ಕೆನ್ನೆಯ ಕೆಳಗೆ ದವಡೆಯ ಮೂಳೆ ಎದ್ದಿತು. ಸೊಂಟ ಎಲ್ಲಿದೆ ಎಂಬುದು ಅವಳಿಗೇ ಮೊದಲ ಸಲ ಗೊತ್ತಾಯಿತು. ಆಫೀಸಿನ ಮೆಟ್ಟಿಲನ್ನು ಒಂದು ದಿನ ಸುಮ್ಮನೆ ಕೆಳಗಿನಿಂದ ಮೇಲಿನವರೆಗೂ ಹತ್ತಿ, ಯಾರಿಗೂ ಹೇಳದೆ, ತನ್ನ ಸೀಟಿನಲ್ಲಿ ಕೂತು ಕಣ್ಣೊರೆಸಿಕೊಂಡಳು. ಅಷ್ಟು ಖುಷಿಯಾಗಿತ್ತು.

ಗುಟ್ಟು ಎಷ್ಟು ದಿನ ನಿಲ್ಲುತ್ತದೆ? ಹನುಮಂತರಾಯಪ್ಪನವರ ಅಕ್ಕ ರಾಮಮ್ಮನವರ ಮನೆ ಅದೇ ಬೀದಿಯಲ್ಲಿ. ಅವರ ಕಣ್ಣಿಗೆ ಬೀಳದೆ ಆ ಬೀದಿಯಲ್ಲಿ ಬೆಕ್ಕು ಕೂಡ ಮರಿ ಹಾಕುವಂತಿರಲಿಲ್ಲ. ಸಂಕ್ರಾಂತಿಯ ಎಳ್ಳು ಬೀರಲು ಬಂದವರು ತಟ್ಟೆ ಕೆಳಗಿಡುವ ಮೊದಲೇ ಶುರು ಮಾಡಿದರು.

"ನಾಗಲಕ್ಷ್ಮಿ, ನಿನ್ ಮಗಳು ಗಂಡು ಐಕಳ ಮಧ್ಯೆ ನಿಂತ್ಕಂಡು ಕಬ್ಬಿಣ ಎತ್ತುತಾವ್ಳೆ. ಗಾಜಿನಾಗೆ ಬೀದಿಗೆಲ್ಲ ಕಾಣ್ತದೆ. ನೋಡು ಮೊಖ, ಎಂಗೆ ಇಳ್ದೋಗದೆ. ಮೂಗು ಒಂದೇ ಉಳ್ಕಂಡೈತೆ."

ನಾಗಲಕ್ಷ್ಮಮ್ಮ ಮಗಳನ್ನು ನೋಡಿದರು. ದಿನಾ ನೋಡುವ ಮುಖ, ಆದರೆ ಅವತ್ತು ರಾಮಮ್ಮನವರ ಕಣ್ಣಿನಿಂದ ನೋಡಿದರು. ಅವರ ಕೈಯಲ್ಲಿದ್ದ ಸಕ್ಕರೆ ಅಚ್ಚು ಜಾರಿ ಬಿತ್ತು. ಅಲ್ಲಿಂದ ಎರಡು ವಾರ ಆ ಮನೆ ಮನೆಯಾಗಿರಲಿಲ್ಲ. ಶುಗರ್ ಇರಬೇಕೆಂದು ರಕ್ತ ಪರೀಕ್ಷೆ ಮಾಡಿಸಿದರು, ಥೈರಾಯ್ಡ್ ಎಂದರು, ಎದೆಯ ಎಕ್ಸ್‌ರೇ ತೆಗೆಸಿದರು. ಡಾಕ್ಟರು "ನಿಮ್ಮ ಮಗಳಿಗಿಂತ ನಿಮಗೇ ಬಿಪಿ ಜಾಸ್ತಿ ಇದೆ, ಮನೆಗೆ ಹೋಗಿ" ಎಂದು ಕಳಿಸಿದರು. ಆಶಾರಾಣಿ ತಾಯಿಯನ್ನು ಜಿಮ್ಮಿಗೇ ಕರೆದುಕೊಂಡು ಹೋಗಿ, ತೂಕದ ಮೇಲೆ ನಿಂತು ಅಂಕಿ ತೋರಿಸಿದಳು.

"ನೋಡಮ್ಮ, ಅಷ್ಟೇ ಇದೀನಿ. ಒಂದು ಕೇಜಿನೂ ಇಳ್ದಿಲ್ಲ."

"ಆ ಮಿಷನ್ನು ಅವಯ್ಯಂದು. ಅವಯ್ಯ ಏಳ್ಕೊಟ್ಟಂಗೆ ಏಳ್ತದೆ," ಎಂದು ನಾಗಲಕ್ಷ್ಮಮ್ಮ ಭಾನುಪ್ರಕಾಶನ ಕಡೆ ನೋಡಿದ ನೋಟಕ್ಕೆ ಅವನು ಹೋಗಿ ಕಿಟಕಿ ಒರೆಸತೊಡಗಿದ. "ತಕ್ಕಡಿ ಅಂದ್ರೆ ತಿಮ್ಮರಾಯಸ್ವಾಮಿದು. ಅದು ಸುಳ್ಳು ಏಳಲ್ಲ."

ಆ ಮಾತನ್ನು ಆಶಾರಾಣಿ ಗಟ್ಟಿಯಾಗಿ ಹಿಡಿದುಕೊಂಡಳು. ಅವತ್ತು ಸಂಜೆ ದೇವರ ದೀಪ ಹಚ್ಚಿದ ಮೇಲೆ, ಅಪ್ಪ ಮತ್ತು ರಾಮಮ್ಮತ್ತೆಯ ಎದುರಿಗೇ ಕೇಳಿದಳು.

"ಈ ಸಲ ಬೆಲ್ಲ ಕಮ್ಮಿ ಬಂದ್ರೆ ಜಿಮ್ ಬಿಡ್ತೀನಿ. ನೀನು ಹೇಳ್ದಂಗೆ ತಿಂತೀನಿ, ಹೇಳ್ದಂಗೆ ಇರ್ತೀನಿ. ಕಮ್ಮಿ ಬರ್ಲಿಲ್ಲ ಅಂದ್ರೆ ಅದೇ ಕೊನೆ. ಆಮೇಲೆ ನನ್ನ ಯಾವತ್ತೂ ತೂಗ್ಬಾರ್ದು. ಮದ್ವೆ ಆಗ್ಲಿ ಬಿಡ್ಲಿ, ಹರಕೆ ಮುಗೀತು ಅಂತ ನೀನೇ ಸ್ವಾಮಿಗೆ ಹೇಳ್ಬೇಕು."

ನಾಗಲಕ್ಷ್ಮಮ್ಮ ಮಗಳ ಇಳಿದ ಕೆನ್ನೆ ನೋಡಿದರು, ಎದ್ದು ಕಾಣುವ ಕುತ್ತಿಗೆಯ ಮೂಳೆ ನೋಡಿದರು. ಸೋಲುವ ಮಾತೇ ಇಲ್ಲ ಅನ್ನಿಸಿರಬೇಕು. "ಆಯ್ತು. ದೀಪದ ಮುಂದೆ ಏಳ್ತಾ ಇವ್ನಿ, ನನ್ ಮಗಳಿಗೆ ಕೊಟ್ಟ ಮಾತು," ಎಂದರು. ಹನುಮಂತರಾಯಪ್ಪ ಟಿವಿಯ ಸದ್ದು ಜಾಸ್ತಿ ಮಾಡಿದರು. ಹೆಂಡತಿಯ ವಿಷಯ, ಅಕ್ಕನ ವಿಷಯ, ಮಗಳ ವಿಷಯ ಮೂರೂ ಒಟ್ಟಿಗೆ ಬಂದಾಗ ಅವರು ಯಾವಾಗಲೂ ಮಾಡುತ್ತಿದ್ದ ನ್ಯಾಯತೀರ್ಮಾನ ಅದೊಂದೇ.

ಹೀಗೆ ಆಶಾರಾಣಿ ತನ್ನ ಬಿಡುಗಡೆಯನ್ನು ತಾನೇ ತಕ್ಕಡಿಗೆ ಹಾಕಿದಳು. ಆ ಮೇಲಿನ ತಿಂಗಳುಗಳು ಸುಖವಾಗಿದ್ದವು ಎಂದುಕೊಳ್ಳಬೇಡಿ. ಮುಂಚೆ ಅಮ್ಮ ಅವಳ ತೂಕ ಕಾಯುತ್ತಿದ್ದರು, ಈಗ ಅವಳೇ ಕಾಯತೊಡಗಿದಳು. ಬೆಳಿಗ್ಗೆ ಮುಳ್ಳು ಸ್ವಲ್ಪ ಇಳಿದರೆ ಆಫೀಸಿಗೆ ಹೋಗುವ ದಾರಿಯಲ್ಲಿ ಬಾಳೆಹಣ್ಣು ಕೊಂಡು ನಿಂತಲ್ಲೇ ತಿನ್ನುತ್ತಿದ್ದಳು. ಆಫೀಸಿನಲ್ಲಿ ಪಕ್ಕದ ಸೀಟಿನ ಕೃಪಾ, "ಹತ್ತು ಹದಿನೈದು ಕೇಜಿ ಇಳ್ಸಿದೀಯ ಅಲ್ವಾ? ಯಾವ ಡಯಟ್ ಹೇಳೇ," ಎಂದು ಪೀಡಿಸಿದಳು. ಏನೂ ಇಳಿದಿಲ್ಲ ಎಂದರೆ "ಹೇಳಕ್ಕೆ ಇಷ್ಟ ಇಲ್ಲ ಅಂದ್ರೆ ಬಿಡು, ಸುಳ್ಳು ಯಾಕೆ" ಎಂದು ಮುಖ ತಿರುಗಿಸಿದಳು. ಬೀದಿಯಲ್ಲಿ ಹೂವು ಮಾರುವ ಶರಣಮ್ಮ, "ಯಾಕವ್ವ, ಮನ್ಯಾಗ ಏನಾರ ಚಿಂತಿ ಐತೇನು?" ಎಂದು ಒಂದು ಮೊಳ ಜಾಸ್ತಿ ಹೂವು ಕೊಟ್ಟಳು. ಒಬ್ಬರಿಗೆ ಅವಳು ಜಾಣೆ, ಇನ್ನೊಬ್ಬರಿಗೆ ರೋಗಿ. ಇದ್ದದ್ದನ್ನು ಇದ್ದ ಹಾಗೆ ನಂಬುವವರು ಒಬ್ಬರೂ ಇಲ್ಲ. ಊರ ಬಾಯಿಗೆ ಮುಚ್ಚಳ ಹಾಕಬಹುದೇನೋ, ಊರ ಕಣ್ಣಿಗೆ ಹಾಕುವುದು ಎಲ್ಲಿಂದ?

ಶ್ರಾವಣ ಬಂತು. ಮನೆಯಲ್ಲಿ ಮೊಟ್ಟೆ ಮಾಂಸ ನಿಂತಿತು. ಆಫೀಸಿನಲ್ಲಿ ಗುಟ್ಟಾಗಿ ತಿನ್ನಲು ಆಶಾರಾಣಿಗೂ ಮನಸ್ಸು ಬರಲಿಲ್ಲ, ಎಷ್ಟಾದರೂ ತಿಮ್ಮರಾಯಸ್ವಾಮಿಯ ಒಕ್ಕಲು. ತಿಂಗಳ ಕೊನೆಗೆ ಬಂದಾಗ ಮುಳ್ಳು ಎಪ್ಪತ್ತೆಂಟರ ಈಚೆಗೋ ಆಚೆಗೋ ಎಂದು ತೊನೆಯುತ್ತಿತ್ತು. ಒಂದು ಲೋಟ ನೀರು ಕುಡಿದರೆ ಗೆಲುವು, ಬಚ್ಚಲಿಗೆ ಹೋಗಿ ಬಂದರೆ ಸೋಲು. ಜೊತೆಗೆ ಪೂಜೆಯ ದಿನ ಖಾಲಿ ಹೊಟ್ಟೆಯಲ್ಲೇ ಹೋಗಬೇಕು.

ಕೊನೆಯ ವಾರ ಅವಳು ಒಂದು ಕೆಲಸ ಮಾಡಿದಳು. ಅಮ್ಮನ ಮುಂದೆ ತಟ್ಟೆ ಹಿಡಿದು ಕೂತಳು.

"ಏನ್ ಮಾಡಿದೀಯೋ ಹಾಕಮ್ಮ. ಹಸಿವು."

ನಾಗಲಕ್ಷ್ಮಮ್ಮನವರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ಒಬ್ಬಟ್ಟು ಬಂತು, ಕರ್ಜಿಕಾಯಿ ಬಂತು, ಅವರೆಕಾಳು ಸಾರಿಗೆ ಎರಡೆರಡು ಮುದ್ದೆ ಬಂತು. ಬೆಲ್ಲ ಕಡಿಮೆ ಬರಲಿ, ಮಗಳು ಆ ಹಾಳು ಜಿಮ್ಮು ಬಿಡಲಿ ಎಂಬ ಆಸೆ ಒಂದು ಕಡೆ, ಹರಕೆ ತಪ್ಪಿ ಮಗಳಿಗೆ ಏನಾದರೂ ಆದೀತೆಂಬ ಭಯ ಇನ್ನೊಂದು ಕಡೆ. ಆ ಭಯವೇ ಗೆದ್ದಿತು. ಅವರು ಬಡಿಸುತ್ತಲೇ ಹೋದರು. ಅಮ್ಮನ ಕೈಯಿಂದ ತಪ್ಪಿಸಿಕೊಳ್ಳಲು ಆಶಾರಾಣಿ ಅಮ್ಮನ ಕೈಯಿಂದಲೇ ತಿಂದಳು, ಮತ್ತು ಇಷ್ಟು ದಿನಗಳ ಮೇಲೆ ಆ ಒಬ್ಬಟ್ಟು ಎಷ್ಟು ರುಚಿಯಾಗಿತ್ತು ಅಂದರೆ ಅವಳಿಗೆ ನಾಚಿಕೆಯಾಯಿತು. ನಾಗಲಕ್ಷ್ಮಮ್ಮ ಎದುರಿಗೆ ಕೂತು, ಮಗಳ ಬಾಯನ್ನೇ ನೋಡುತ್ತಾ, ತಾವು ಉಣ್ಣುವುದನ್ನು ಮರೆತಿದ್ದರು.

ಶನಿವಾರ ಬೆಳಿಗ್ಗೆ ಎರಡು ಕಾರಿನಲ್ಲಿ ಹೊರಟರು. ಚಂದಾಪುರದ ಮಂಡಿಯಿಂದ ತರಿಸಿದ ಬೆಲ್ಲ ಹಿಂದಿನ ದಿನವೇ ಗುಡಿ ಸೇರಿತ್ತು, ಹೋದ ವರ್ಷ ಒಪ್ಪಿಸಿದಷ್ಟೇ, ತೂಗಿಸಿ ತಂದದ್ದು. ಅದಕ್ಕಿಂತ ಒಂದು ಅಚ್ಚು ಹೆಚ್ಚಿಗೆ ತರುವ ಯೋಚನೆ ಯಾರಿಗೂ ಬಂದಿರಲಿಲ್ಲ. ಕೆಲವು ನೆಂಟರಂತೂ ಮಿಕ್ಕಿದ್ದನ್ನು ಮನೆಗೆ ಒಯ್ಯಲು ಚೀಲ ತಂದಿದ್ದರು. ಗುಡಿಯ ಪ್ರಾಂಗಣದಲ್ಲಿ ಕಪ್ಪು ಮರದ ತೊಲೆಯಿಂದ ಸರಪಳಿಯಲ್ಲಿ ಎರಡು ತಟ್ಟೆಗಳು ತೂಗುಬಿದ್ದಿದ್ದವು. ಪೂಜಾರಿ ಆಂಜಿನಪ್ಪ ಅರಿಶಿನ ಕುಂಕುಮ ಹಚ್ಚಿ, "ಬಾ ತಾಯಿ" ಎಂದ. ರೇಷ್ಮೆ ಸೀರೆ ಉಟ್ಟಿದ್ದ ಆಶಾರಾಣಿ ಸರಪಳಿ ಹಿಡಿದು ಕೂತಳು. ಅವಳ ಭಾರಕ್ಕೆ ಆ ತಟ್ಟೆ ನೆಲಕ್ಕೆ ತಾಗಿತು. ನಾಗಲಕ್ಷ್ಮಮ್ಮ ಎದುರಿನ ತಟ್ಟೆಗೆ ಮೊದಲ ಬೆಲ್ಲ ಇಟ್ಟು ಕಣ್ಣು ಮುಚ್ಚಿ ನಿಂತರು. ಬೆಲ್ಲದ ತಟ್ಟೆ ಭಾರವಾಗಿ ಮಗಳ ತಟ್ಟೆ ನೆಲ ಬಿಟ್ಟು ಏಳಬೇಕು. ಎಲ್ಲ ಬೆಲ್ಲ ಮುಗಿಯುವ ಮೊದಲೇ ಎದ್ದರೆ ಅವಳು ಸೋತಂತೆ.

ಆಂಜಿನಪ್ಪ ಬಕೆಟ್ಟಿನಲ್ಲಿ ಎರೆದು ಮಾಡಿದ ಬೆಲ್ಲದ ದೊಡ್ಡ ಉಂಡೆಗಳನ್ನು ಇಡುತ್ತಾ ಹೋದ. ಅದು ಮುಗಿದು ಅಚ್ಚುಗಳು ಶುರುವಾದವು. ಒಂದೊಂದು ಅಚ್ಚು ಬಿದ್ದಾಗಲೂ ಸರಪಳಿ ಕಿರುಗುಟ್ಟುತ್ತಿತ್ತು, ಆಶಾರಾಣಿಗೆ ತನ್ನ ತಟ್ಟೆ ಎದ್ದೇಬಿಟ್ಟಿತು ಅನ್ನಿಸುತ್ತಿತ್ತು. ಅವಳು ಕಾಲುಬೆರಳನ್ನು ತಟ್ಟೆಗೆ ಒತ್ತಿ ಹಿಡಿದಿದ್ದಳು, ಹಾಗೆ ಒತ್ತಿದರೆ ತೂಕ ಹೆಚ್ಚುವುದಿಲ್ಲ ಎಂದು ಗೊತ್ತಿದ್ದರೂ. ಬುಟ್ಟಿಯ ತಳ ಕಂಡಿತು. ಕೊನೆಯ ಅಚ್ಚನ್ನು ಆಂಜಿನಪ್ಪ ಇಟ್ಟು ಕೈ ತೆಗೆದ.

ಅವಳ ತಟ್ಟೆ ನೆಲದ ಮೇಲೇ ಇತ್ತು.

"ಕೊಂಡಿ ಎಲ್ಲೋ ಸಿಗಾಕ್ಕೊಂಡೈತೆ," ಎಂದು ಆಂಜಿನಪ್ಪ ಸರಪಳಿ ಅಲ್ಲಾಡಿಸಿದ. ತೊಲೆ ನೋಡಿದ. ಅವಳನ್ನು ಇಳಿಸಿ, ಬೆಲ್ಲವನ್ನೂ ಇಳಿಸಿ, ಎರಡೂ ತಟ್ಟೆ ಖಾಲಿ ಮಾಡಿ ನಿಲ್ಲಿಸಿದ. ಸಮವಾಗಿಯೇ ನಿಂತವು. ಮತ್ತೆ ಕೂರಿಸಿ, ಮತ್ತೆ ಎಲ್ಲ ಪೇರಿಸಿದ. ತಟ್ಟೆ ಕದಲಲಿಲ್ಲ. ಚೀಲ ತಂದಿದ್ದವರು ಚೀಲ ಮಡಚಿಟ್ಟರು. ಕೊನೆಗೆ ಗುಡಿಯ ಅಡುಗೆಮನೆಯಿಂದ ಪ್ರಸಾದಕ್ಕೆಂದು ಇಟ್ಟಿದ್ದ ಬೆಲ್ಲ ತರಿಸಿದರು. ಒಂದು ಇಟ್ಟರು, ಎರಡು ಇಟ್ಟರು, ಇನ್ನೂ ಒಂದಿಷ್ಟು ಇಟ್ಟ ಮೇಲೆ ಅವಳ ತಟ್ಟೆ ಮೆಲ್ಲನೆ ನೆಲ ಬಿಟ್ಟಿತು.

ಗೆದ್ದಿದ್ದಳು! ಹೋದ ವರ್ಷಕ್ಕಿಂತ ಜಾಸ್ತಿ. ಆಶಾರಾಣಿಗೆ ಕೂಗಿಕೊಳ್ಳಬೇಕು ಅನ್ನಿಸಿತು. ತೂಗಾಡುವ ತಟ್ಟೆಯಲ್ಲಿ ಸರಪಳಿ ಹಿಡಿದು ನಗುತ್ತಾ ಸುತ್ತ ನೋಡಿದಳು. ಯಾರೂ ನಗುತ್ತಿರಲಿಲ್ಲ. ನೆಂಟರೆಲ್ಲ ಒಂದು ಹೆಜ್ಜೆ ಹಿಂದಕ್ಕೆ ಸರಿದಿದ್ದರು. ರಾ‌ಮಮ್ಮನವರು ಸೆರಗನ್ನು ಬಾಯಿಗೆ ಒತ್ತಿಕೊಂಡು, ಪಿಸುಮಾತಿನಲ್ಲೇ ಆದರೂ ಗುಡಿಗೆಲ್ಲ ಕೇಳಿಸುವಂತೆ ಹೇಳಿದರು.

"ನೋಡಕ್ಕೆ ಕಡ್ಡಿ ಅಂಗವ್ಳೆ, ಕೂತ್ರೆ ಗುಂಡುಕಲ್ಲು. ನಮ್ ಉಡುಗಿ ಒಬ್ಳೇ ಕೂತಿಲ್ಲ ಕಣೇ ನಾಗಲಕ್ಷ್ಮಿ. ಅವಳ ಮೇಲೆ ಇನ್ನೇನೋ ಕೂತದೆ. ಆ ಜಿಮ್ಮಿನ ಬಿಲ್ಡಿಂಗ್ ಕಟ್ಟೋಕೆ ಮುಂಚೆ ಅಲ್ಲಿ ಉಣಸೆ ಮರ ಇತ್ತಲ್ವಾ, ಅಲ್ಲಿಂದಾನೇ ಅಂಟ್ಕಂಡಿರ್ಬೇಕು."

"ಅತ್ತೆ, ಏನ್ ಮಾತಾಡ್ತಿದೀರ!" ಎಂದಳು ಆಶಾರಾಣಿ. ಅವಳ ದನಿ ಗುಡಿಯ ಕಲ್ಲುಗಳಿಗೆ ಬಡಿದು ತುಂಬಾ ಗಟ್ಟಿಯಾಗಿ ಕೇಳಿಸಿತು. ಇನ್ನಿಬ್ಬರು ಹಿಂದೆ ಸರಿದರು. "ಅಪ್ಪ, ನೀವಾದ್ರೂ ಹೇಳಿ." ಅಪ್ಪ ಅಲ್ಲಿರಲಿಲ್ಲ. ಚಪ್ಪಲಿ ನೋಡಿಕೊಂಡು ಬರುತ್ತೇನೆಂದು ಹೊರಗೆ ಹೋಗಿದ್ದರು.

ನಾಗಲಕ್ಷ್ಮಮ್ಮ ಮಾತ್ರ ಹತ್ತಿರ ಬಂದರು. ಹೆದರುತ್ತಾ ಬಂದರು, ಆದರೂ ಬಂದರು. ತೂಗಾಡುವ ತಟ್ಟೆಯ ಸರಪಳಿ ಹಿಡಿದು ನಿಲ್ಲಿಸಿದರು.

"ಅಮ್ಮ, ಜಾಸ್ತಿನೇ ಬಂತು," ಎಂದಳು ಆಶಾರಾಣಿ. "ನಿನ್ ತಿಮ್ಮರಾಯಸ್ವಾಮಿನೇ ಹೇಳಿದ್ದು. ಇವತ್ತಿಗೆ ಮುಗೀತು. ಮಾತು ಕೊಟ್ಟಿದೀಯ."

ತಾಯಿ ಕೈ ಚಾಚಿದರು. ಅವಳ ಕೆನ್ನೆ ಮುಟ್ಟಿದರು. ಕತ್ತಿನ ಮೂಳೆಯ ಮೇಲೆ ಬೆರಳಾಡಿಸಿದರು. ಆಮೇಲೆ ಸರಪಳಿಯನ್ನು ಬಿಗಿಯಾಗಿ ಹಿಡಿದಿದ್ದ ಅವಳ ತೋಳಿಗೆ ಕೈ ಹಾಕಿದರು. ವರ್ಷಪೂರ್ತಿ ಕಬ್ಬಿಣ ಎತ್ತಿದ ತೋಳು, ಕಲ್ಲಿನ ಹಾಗೆ ನಿಂತಿತ್ತು. ಆಶಾರಾಣಿ ತನ್ನ ಮೈಯಲ್ಲಿ ತಾನೇ ಮಾಡಿಕೊಂಡದ್ದು, ಇದೊಂದು ನನ್ನದು ಎಂದು ಕನ್ನಡಿಯಲ್ಲಿ ನೋಡಿ ನೋಡಿ ಹಿಗ್ಗಿದ್ದು ಆ ತೋಳನ್ನೇ. ನಾಗಲಕ್ಷ್ಮಮ್ಮ ಕೆಂಡ ಮುಟ್ಟಿದವರಂತೆ ಕೈ ಹಿಂದಕ್ಕೆ ಎಳೆದುಕೊಂಡರು.

"ಇದು ನನ್ ಮಗಳ ತೋಳಲ್ಲ."

"ನಂದೇ ಅಮ್ಮ. ನಾನೇ ಮಾಡ್ಕೊಂಡಿದ್ದು. ನನ್ನ ನೋಡಮ್ಮ, ನಾನೇ ಕಣಮ್ಮ."

ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಆಶಾರಾಣಿ ತಡೆದುಕೊಳ್ಳುತ್ತಿದ್ದಳು. ತನ್ನ ಕೂಸನ್ನು ಎಲ್ಲೋ ಬಚ್ಚಿಟ್ಟಿರುವ ಪರಕೀಯಳೊಬ್ಬಳ ಹತ್ತಿರ ಬೇಡಿಕೊಳ್ಳುವ ಹಾಗೆ ಅವರು ನೋಡಿದರು. ಆಮೇಲೆ ಗರ್ಭಗುಡಿಯ ಕಡೆ ತಿರುಗಿ ಕೈ ಮುಗಿದರು.

"ಸ್ವಾಮಿ, ಮಾತು ಕೊಟ್ಟಿದ್ದು ನಾನು ನನ್ ಮಗಳಿಗೆ. ಅವಳನ್ನ ನಂಗೆ ವಾಪಸ್ ಕೊಡು, ಅವತ್ತೇ ಅರಕೆ ಮುಗಿಸ್ತೀನಿ. ಅಲ್ಲೀಗಂಟ ವಾರ ವಾರ ಕರ್ಕಂಬಂದು ಇದೇ ತಟ್ಟೇಲಿ ಕೂರಿಸ್ತೀನಿ. ಇವಳ ಮೇಲೆ ಕೂತಿರೋದು ಎಷ್ಟು ಇಳೀತು ಅಂತ ನೀನೇ ನೋಡು. ಒಂದು ಮಗೀನ ಕಳ್ಕಂಡಿವ್ನಿ. ಇದೊಂದನ್ನ ಬಿಡಲ್ಲ."

ಆಂಜಿನಪ್ಪ ತಲೆಯಾಡಿಸಿ ತೀರ್ಥ ಚಿಮುಕಿಸಿದ. ಹುಟ್ಟಿದಾಗಿನಿಂದ ತೂಕ ಇಳಿಯಬಾರದೆಂದು ಕೂರಿಸಿದ ತಟ್ಟೆಯಲ್ಲಿ ಇನ್ನು ಮೇಲೆ ಇಳಿಯಲೆಂದು ಕೂರಬೇಕು. ಆಶಾರಾಣಿಗೆ ಆ ಕ್ಷಣದಲ್ಲಿ ಬಂದ ಯೋಚನೆ ಇದು: ಅಮ್ಮನನ್ನು ಈಗ ತಾನು ಎರಡು ಕೈಯಲ್ಲಿ ಎತ್ತಿಕೊಂಡು, ಈ ಜನರ ಮಧ್ಯದಿಂದ ದಾಟಿ, ಕಾರಿನವರೆಗೆ ಹೊತ್ತುಕೊಂಡು ಹೋಗಬಲ್ಲೆ. ಅಷ್ಟು ಶಕ್ತಿ ಇದೆ. ಎತ್ತಿದರೆ ಎಲ್ಲರ ಅನುಮಾನ ಖಾತ್ರಿಯಾಗುತ್ತದೆ, ಅಷ್ಟೇ. ಎದ್ದು ಓಡಿದರೆ ಅಮ್ಮ ನಾಳೆಯಿಂದ ಊಟ ಬಿಡುತ್ತಾರೆ. ಇನ್ನಷ್ಟು ತೆಳ್ಳಗಾದರೆ ರೋಗ, ಹಾಗೇ ಉಳಿದರೆ ದೆವ್ವ.

"ಎಷ್ಟು ಇಳೀಬೇಕಮ್ಮ?" ಎಂದು ಕೇಳಿದಳು. ದನಿ ಸಣ್ಣಗಾಗಿತ್ತು.

ನಾಗಲಕ್ಷ್ಮಮ್ಮ ಅವಳನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದರು. ಕಣ್ಣಿನಲ್ಲಿ ನೀರು ತುಂಬಿತ್ತು.

"ನೋಡಕ್ಕೆ ಎಷ್ಟು ಕಾಣ್ತೀಯೋ ಅಷ್ಟಕ್ಕೆ."

ಒಳಗೆ ಗಂಟೆ ಮೊಳಗಿತು. ಮಂಗಳಾರತಿ ಆಗುವವರೆಗೆ ತಟ್ಟೆಯಿಂದ ಇಳಿಯುವಂತಿಲ್ಲ. ಆಶಾರಾಣಿ ಸರಪಳಿ ಹಿಡಿದುಕೊಂಡು ಕೂತಿದ್ದಳು.